ನೀನು ಕಳಿಸಿದ ನಕ್ಷೆ, ನಮ್ಮ ಮನೆಯ ಅಡ್ಕ

ಮಾರಾಯ, ನೀನು ಕಳಿಸಿದ ಹಳೆ ಸರ್ವೆ ನಕ್ಷೆ ನೋಡಿದೆ. "ನಿಮ್ಮೂರು ಕೇರಳ ಅಲ್ವಾ? ಇದರಲ್ಲಿ ಸೌತ್ ಕೆನರಾ ಅಂತ ಯಾಕಿದೆ?" ಅಂತ ಕೇಳಿದ್ದೀಯ. ನಕ್ಷೆ ಸರಿಯಾಗಿಯೇ ಇದೆ. ಆಗ ಕಾಸರಗೋಡು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. ನೀವು ಬಾವುಟ ಹಾರಿಸುವ ದಿನವೇ ನಾವು ಆಚೆ ಹೋದದ್ದು.

ಇಂಚಿಗೆ ಒಂದು ಮೈಲಿ ಲೆಕ್ಕ. ಹಸಿರು ಕಾಡು, ಕಂದು ಗೆರೆ ಗುಡ್ಡ. ಕೊಡಗಿನಿಂದ ಸುಳ್ಯ ದಾಟಿ ಬರುವ ನೀಲಿ ಗೆರೆ ಪಯಸ್ವಿನಿ. ಸಮುದ್ರದ ಹತ್ತಿರ ಅದೇ ಚಂದ್ರಗಿರಿ ಹೊಳೆ. ಅದರ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು. ಹೇಳಿತ್ತು, ಅಷ್ಟೇ. ನಾವು ಉತ್ತರದ ದಡದವರು. ಅತ್ತಿಗೆಯ ತವರು ಆಚೆ ದಡ. ಹೆಣ್ಣು ನೋಡಲು ಹೋಗುವಾಗ ಯಾರೂ ಹೊಳೆಯ ಲೆಕ್ಕ ಹಾಕಲಿಲ್ಲ.

ನನ್ನ ಗೋಳು ಬೇರೆ. ಈ ಕಡೆ ಊರಿಗೊಂದು 'ಅಡ್ಕ' ಇದೆ. ಅಡ್ಕ ಅಂದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಬಯಲು, ಮಳೆಗಾಲದಲ್ಲಿ ಹುಲ್ಲು, ಬೇಸಗೆಯಲ್ಲಿ ಕಾದ ಕಾವಲಿ. ತುಳುವಿನ ಮಾತು, ನಮ್ಮ ಕನ್ನಡಕ್ಕೂ ಒಗ್ಗಿದೆ. ಮಲಯಾಳದ ಬೋರ್ಡಿನಲ್ಲಿ ಕಾರಡ್ಕ 'ಕಾರಡುಕ್ಕ' ಆಗುತ್ತದೆ, ಬೇಡಡ್ಕ 'ಬೇಡಡುಕ್ಕ'. ಬೋರ್ಡಿನಲ್ಲಿ ಇದ್ದರೆ ಇರಲಿ, ಬಸ್ಸು ಹೇಗೂ ನಿಲ್ಲುತ್ತದೆ.

ಆದರೆ ನಮ್ಮ ಮನೆ ಹೆಸರಿನ ಬಾಲದಲ್ಲೂ ಅಡ್ಕ ಇದೆಯಲ್ಲ. ಅಜ್ಜನ ಕನ್ನಡ ಕ್ರಯಪತ್ರದಲ್ಲಿ ಅಡ್ಕ. ರೇಷನ್ ಕಾರ್ಡಿನಲ್ಲಿ ಅಡುಕ್ಕ. ಆಧಾರದ ಇಂಗ್ಲಿಷ್ ಓದಿದರೆ ಅಡಕ. ಜಾಗದ ಕೆಲಸಕ್ಕೆ ಹೋದರೆ ಕಚೇರಿಯಲ್ಲಿ, "ಮೂರೂ ಒಂದೇ ಅಂತ ಸರ್ಟಿಫಿಕೇಟ್ ತನ್ನಿ" ಅಂದರು. ಕ್ರಯಪತ್ರ ತೋರಿಸಿದೆ. ಕನ್ನಡ ಓದುವವರು ಅವತ್ತು ರಜೆ. ನಾಲ್ಕು ಸಲ ಅಲೆದ ಮೇಲೆ ಸರ್ಟಿಫಿಕೇಟ್ ಬಂತು. ಅದರಲ್ಲಿ ನಾಲ್ಕನೇ ಸ್ಪೆಲ್ಲಿಂಗ್.

ಇಷ್ಟರ ಮೇಲೆ ನೀನು ಮೊನ್ನೆ, "ಮಲಯಾಳಿ ಆದ್ರೂ ಕನ್ನಡ ಚೆನ್ನಾಗಿ ಬರೀತೀಯ" ಅಂದೆ. ಸುಮ್ನೆ ನಕ್ಕೆ. ನಮ್ಮಜ್ಜ ಕೇಳಿದ್ದರೆ ನಿನಗೆ ಕಾಫಿ ಕೊಟ್ಟೇ ಬೈಯುತ್ತಿದ್ದರು.

ನಿನ್ನ ನಕ್ಷೆಯಲ್ಲಿ ಹೊಳೆಯ ತಿರುವಿನ ಮೇಲೆ ಒಂದು ಹೆಸರು ಕಾಣುತ್ತದೆ. ನಮ್ಮದೇ ಇರಬೇಕು, ಆದರೆ ಕೊನೆಯ ಅಕ್ಷರಗಳ ಮೇಲೆ ಮಡಿಕೆಯ ಗೆರೆ ಬಂದಿದೆ. ಇನ್ನೂ ದೊಡ್ಡ ಸ್ಕ್ಯಾನ್ ಇದ್ದರೆ ಕಳಿಸು. ಐದನೇ ಸ್ಪೆಲ್ಲಿಂಗ್ ಏನು ಅಂತ ನೋಡಬೇಕು.