ಮಣಿಕಟ್ಟಿನ ನೋವಿಗೆ ಮೊದಲು ಬೇಕಾದದ್ದು ಅಳತೆ ಟೇಪು

ಕಂಪ್ಯೂಟರ್ ಮುಂದೆ ಕೂರುವವರ ಮಣಿಕಟ್ಟು, ಮುಂಗೈ, ಬೆರಳುಗಳ ನೋವಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರಕ್ಕೆ ಇಲ್ಲಿ ಉತ್ತರವಿದೆ. ಹೆಚ್ಚಿನವರು ಯಾವ ಮೌಸ್ ಕೊಳ್ಳಬೇಕು, ಯಾವ ಪಟ್ಟಿ ಕಟ್ಟಬೇಕು ಎಂದು ಕೇಳಿದ್ದಾರೆ. ತಮ್ಮ ಮೇಜು ಎಷ್ಟು ಎತ್ತರವಿದೆ ಎಂದು ಅಳೆದು ಬರೆದವರು ಒಬ್ಬರೇ. ಅವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮನೆಯಿಂದಲೇ ಕೆಲಸ ಮಾಡುತ್ತೇನೆ. ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಕ್ಕೆ ಎಂಟೊಂಬತ್ತು ಗಂಟೆ ಕೂರುತ್ತೇನೆ. ಸಂಜೆಯಾಗುತ್ತಲೇ ಬಲ ಮಣಿಕಟ್ಟಿನ ಮೇಲ್ಭಾಗ ನೋಯುತ್ತದೆ. ಜೆಲ್ ಪ್ಯಾಡ್ ತಂದೆ, ಬಿಗಿ ಪಟ್ಟಿ ಕಟ್ಟಿದೆ, ಗುಣ ಕಾಣಲಿಲ್ಲ. ನನ್ನ ಎತ್ತರ 5 ಅಡಿ 2 ಅಂಗುಲ, ಟೇಬಲ್ಲಿನದು 30 ಅಂಗುಲ. (ಓದುಗರು, ಬೆಂಗಳೂರು)

ಉತ್ತರ: 30 ಅಂಗುಲವೆಂದರೆ 76 ಸೆಂ.ಮೀ. ನಿಮ್ಮ ಎತ್ತರದವರು ಪಾದವನ್ನು ನೆಲಕ್ಕೂರಿ, ತೋಳು ಸಡಿಲ ಬಿಟ್ಟು ಕೂತರೆ ಮೊಣಕೈ ನೆಲದಿಂದ ಸುಮಾರು 62–64 ಸೆಂ.ಮೀ. ಮೇಲಿರುತ್ತದೆ. ಅಂದರೆ ನಿಮ್ಮ ಕೈಗೂ ಟೇಬಲ್ಲಿಗೂ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ಈ ವ್ಯತ್ಯಾಸ ಸರಿದೂಗಿಸಲು ದೇಹ ಎರಡು ದಾರಿ ಹಿಡಿಯುತ್ತದೆ. ಒಂದು, ಭುಜ ಮೇಲೆತ್ತಿಕೊಂಡೇ ಇರುವುದು. ಅದು ದಣಿದಾಗ ಮಣಿಕಟ್ಟನ್ನು ಟೇಬಲ್ ಅಂಚಿಗೆ ಊರಿ, ಕೈಯ ಭಾರವನ್ನೆಲ್ಲ ಅಲ್ಲಿ ಬಿಟ್ಟು, ಬೆರಳುಗಳನ್ನಷ್ಟೇ ಮೇಲೆತ್ತಿ ಟೈಪ್ ಮಾಡುವುದು. ಬೆರಳೆತ್ತುವ ಸ್ನಾಯುರಜ್ಜುಗಳು ಹಾದುಹೋಗುವುದು ಮಣಿಕಟ್ಟಿನ ಮೇಲ್ಭಾಗದಲ್ಲಿ. ನಿಮಗೆ ನೋಯುತ್ತಿರುವುದೂ ಅಲ್ಲೇ.

ಜೆಲ್ ಪ್ಯಾಡ್ ಏಕೆ ಕೈಕೊಟ್ಟಿತೆಂಬುದೂ ಇದರಿಂದ ತಿಳಿಯುತ್ತದೆ. ಅದು ಟೈಪಿಂಗ್ ನಿಲ್ಲಿಸಿದಾಗ ಅಂಗೈಯ ಬುಡವನ್ನು ಇಡಲಿಕ್ಕೆ ಇರುವುದು. ಟೈಪ್ ಮಾಡುತ್ತಲೇ ಮಣಿಕಟ್ಟನ್ನು ಅದಕ್ಕೆ ಒತ್ತಿದರೆ, ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಇಕ್ಕಟ್ಟಿನಲ್ಲಿ ಹೋಗುವ ಕಾರ್ಪಲ್ ಟನಲ್ ಎಂಬ ಮಣಿಕಟ್ಟಿನ ಸುರಂಗದ ಮೇಲೆಯೇ ಒತ್ತಡ ಬೀಳುತ್ತದೆ. ಬಿಗಿ ಪಟ್ಟಿ ಕಟ್ಟಿಕೊಂಡು ಟೈಪ್ ಮಾಡುವುದನ್ನು ಇವತ್ತೇ ಬಿಡಿ. ಮಣಿಕಟ್ಟು ಅಲುಗದಂತಾದರೆ ಅದರ ಕೆಲಸ ಮೊಣಕೈ, ಭುಜಗಳ ಮೇಲೆ ಬೀಳುತ್ತದೆ.

ಮಾಡಬೇಕಾದ್ದು ಹೀಗೆ. ಕೂತು, ಮೊಣಕೈಯನ್ನು ಪಕ್ಕೆಯ ಬಳಿ ಇಟ್ಟು 90ರಿಂದ 100 ಡಿಗ್ರಿಗೆ ಮಡಿಸಿ. ಮನೆಯವರಿಂದ ಮೊಣಕೈಯ ಕೆಳತುದಿಗೂ ನೆಲಕ್ಕೂ ಇರುವ ಅಂತರ ಅಳೆಸಿ. ಕೀಬೋರ್ಡಿನ ನಡು ಸಾಲು ಈ ಅಳತೆಗೆ ಸಮನಾಗಿ ಅಥವಾ ಒಂದೆರಡು ಸೆಂ.ಮೀ. ಕೆಳಗೆ ಇರಬೇಕು. ಕೀಬೋರ್ಡಿಗೇ 2 ಸೆಂ.ಮೀ. ದಪ್ಪವಿರುವುದರಿಂದ ನಿಮಗೆ ಸರಿಹೊಂದುವ ಮೇಜಿನ ಎತ್ತರ 60–62 ಸೆಂ.ಮೀ.

ಡೈನಿಂಗ್ ಟೇಬಲ್ಲನ್ನು ತಗ್ಗಿಸಲಾಗದು, ಹಾಗಾಗಿ ನೀವೇ ಏರಬೇಕು. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿ ಸಾಮಾನ್ಯವಾಗಿ 52–53 ಸೆಂ.ಮೀ.ವರೆಗೆ ಏರುತ್ತದೆ. ಮಾಮೂಲಿ ಕುರ್ಚಿಯಾದರೆ ಮೆತ್ತನೆಯ ಫೋಮ್ ಹಾಕಬೇಡಿ, 10 ಸೆಂ.ಮೀ. ಫೋಮ್ ಕೂತ ಮೇಲೆ ಅರ್ಧಕ್ಕಿಳಿಯುತ್ತದೆ. ಬಿಗಿಯಾಗಿ ಮಡಿಸಿದ ಜಮಖಾನ ಅದಕ್ಕಿಂತ ಮೇಲು. ಕುರ್ಚಿ ಎಷ್ಟು ಏರಿತೋ ಅಷ್ಟೇ ಎತ್ತರವನ್ನು ಪಾದದಡಿಗೂ ಕೊಡಬೇಕು. ಇದನ್ನು ಮರೆತರೆ ತೊಡೆಯ ಕೆಳಭಾಗ ಕುರ್ಚಿಯ ಅಂಚಿಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ, ನೀವು ಮುಂದಕ್ಕೆ ಜಾರುತ್ತೀರಿ, ಕೈ ಮತ್ತೆ ಟೇಬಲ್ ಅಂಚಿಗೇ ಬರುತ್ತದೆ. ಊಟದ ಮಣೆ ಎರಡನ್ನು ಒಂದರ ಮೇಲೊಂದು ಇಟ್ಟರೆ ಕೆಲಸ ನಡೆಯುತ್ತದೆ, ಜಾರದಂತೆ ನಡುವೆ ರಬ್ಬರ್ ಮ್ಯಾಟಿನ ತುಂಡು ಹಾಕಿ.

ಇನ್ನು ಲ್ಯಾಪ್‌ಟಾಪ್. ಪರದೆ, ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿರುವ ತನಕ ಒಂದೋ ಕುತ್ತಿಗೆ ಸೋಲಬೇಕು, ಇಲ್ಲ ಕೈ ಸೋಲಬೇಕು. ಬೇರೆ ಕೀಬೋರ್ಡ್, ಬೇರೆ ಮೌಸ್ ತೆಗೆದುಕೊಳ್ಳಿ; ಇಡೀ ಏರ್ಪಾಟಿನಲ್ಲಿ ಹಣ ಹಾಕಲೇಬೇಕಾದ ಜಾಗ ಇದೊಂದೇ. ಲ್ಯಾಪ್‌ಟಾಪ್ ಅನ್ನು 15ರಿಂದ 20 ಸೆಂ.ಮೀ. ಮೇಲಕ್ಕಿಡಿ. ಎ4 ಕಾಗದದ ಒಂದು ರೀಮ್ ಸುಮಾರು 5 ಸೆಂ.ಮೀ. ದಪ್ಪ, ಮೂರು ನಾಲ್ಕು ರೀಮ್ ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಒಂದು ತೋಳಿನಷ್ಟು. ಬೈಫೋಕಲ್ ಕನ್ನಡಕದವರು ಇನ್ನೂ ಸ್ವಲ್ಪ ಕೆಳಗಿಡಬೇಕು, ಇಲ್ಲವಾದರೆ ಗಲ್ಲ ಎತ್ತಿ ಓದುವ ಅಭ್ಯಾಸವಾಗುತ್ತದೆ.

ಮನೆಯಲ್ಲಿ ಹಳೆಯ ಮರದ ಸ್ಟಡಿ ಟೇಬಲ್ ಇದ್ದರೆ ಬಡಗಿಯಿಂದ ಕಾಲು ಕತ್ತರಿಸಿಸುವುದೇ ಎಲ್ಲಕ್ಕಿಂತ ಚೆಂದದ ಪರಿಹಾರ. ಗುರುತನ್ನು ನೆಲದಿಂದಲ್ಲ, ಮೇಲಿನ ಹಲಗೆಯಿಂದ ಕೆಳಕ್ಕೆ ಅಳೆದು ಹಾಕಿಸಿ. ಮೊದಲು ಬೇಕಾದ್ದಕ್ಕಿಂತ 2 ಸೆಂ.ಮೀ. ಕಡಿಮೆ ಕತ್ತರಿಸಿ, ಒಂದು ವಾರ ಕೂತು ನೋಡಿ, ಆಮೇಲೆ ಉಳಿದದ್ದು.

ಟೇಬಲ್ಲಿನ ಅಂಚು ಚೂಪಾಗಿದ್ದರೆ ಎ.ಸಿ. ತಾಮ್ರದ ಪೈಪಿಗೆ ಹೊದಿಸುವ ಕಪ್ಪು ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿ. ಫ್ರಿಜ್ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.

ಪ್ರಶ್ನೆ: ಗ್ರಾಮ ಪಂಚಾಯಿತಿಯಲ್ಲಿ ಡೇಟಾ ಎಂಟ್ರಿ ಕೆಲಸ. ಕಂಪ್ಯೂಟರ್ ಟೇಬಲ್ಲಿಗೆ ಎಳೆಯುವ ಟ್ರೇ ಇದೆ, ಕೀಬೋರ್ಡ್ ಅದರಲ್ಲಿ, ಮೌಸ್ ಮೇಲೆ. ಎರಡೂ ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆ ನೋವು, ಬಲಭುಜವೂ ಸೆಳೆಯುತ್ತದೆ. (ಓದುಗರು, ಕೊಪ್ಪಳ ಜಿಲ್ಲೆ)

ಉತ್ತರ: ಎರಡು ನೋವಿಗೆ ಎರಡು ಕಾರಣ. ಭುಜದ್ದು ಮೌಸಿನಿಂದ: ಟ್ರೇ ಹೊರಗೆಳೆದು ಕೂತಾಗ ಮೇಲಿನ ಮೌಸ್ ದೂರವೂ ಎತ್ತರವೂ ಆಗುತ್ತದೆ, ತೋಳು ದಿನವಿಡೀ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಕೀಬೋರ್ಡ್, ಮೌಸ್ ಎರಡೂ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಇರಲೇಬೇಕು. ತೊಡಕೆಂದರೆ ಟ್ರೇಯ ಅಗಲ. ಅಂಕಿಗಳ ವಿಭಾಗವೂ ಸೇರಿದ ಕೀಬೋರ್ಡಿಗೆ 44–45 ಸೆಂ.ಮೀ., ಮೌಸಿಗೆ 20 ಸೆಂ.ಮೀ. ಬೇಕು. ಅಗ್ಗದ ಟೇಬಲ್ಲುಗಳ ಟ್ರೇ ಅಷ್ಟು ಅಗಲ ಇರುವುದಿಲ್ಲ. 12 ಮಿ.ಮೀ. ಪ್ಲೈವುಡ್ಡಿನ 70 × 28 ಸೆಂ.ಮೀ. ಹಲಗೆಯೊಂದನ್ನು ಟ್ರೇ ಮೇಲೆ ನಾಲ್ಕು 25 ಮಿ.ಮೀ. ಸ್ಕ್ರೂಗಳಿಂದ ಕೂರಿಸಿ. ಟ್ರೇಯ ದಪ್ಪ ಮೊದಲೇ ನೋಡಿ, ಅದು 15 ಮಿ.ಮೀ.ಗಿಂತ ತೆಳ್ಳಗಿದ್ದರೆ ಸ್ಕ್ರೂ ಕೆಳಗೆ ಇಣುಕಿ ತೊಡೆಗೆ ಗೀರುತ್ತದೆ. ಹಲಗೆ ಹಾಕಿದ ಮೇಲೆ ಟ್ರೇ ಒಳಗೆ ಹೋಗದು, ಮೇಲೆ ಭಾರ ಊರಿದರೆ ಟ್ರೇ ಜಾರುವ ಅಗ್ಗದ ಚಾನೆಲ್ಲು ಬಾಗುತ್ತದೆ. ಟ್ರೇಗೂ ತೊಡೆಗೂ ಎರಡು ಬೆರಳಿನ ಸಂದಾದರೂ ಉಳಿಯಬೇಕು.

ಮಣಿಕಟ್ಟಿನ ನೋವು ಕೀಬೋರ್ಡ್ ಇಟ್ಟ ಜಾಗದಿಂದ. ಎಲ್ಲರೂ ಇಡೀ ಕೀಬೋರ್ಡನ್ನು ಎದೆಯ ನೇರಕ್ಕೆ ಇಡುತ್ತಾರೆ. ಬಲಗಡೆ ಅಂಕಿಗಳಿರುವುದರಿಂದ ಅಕ್ಷರಗಳ ಭಾಗ ಎಡಕ್ಕೆ ಸರಿದಿರುತ್ತದೆ. ಅಲ್ಲಿಗೆ ಹೋಗಿ ಬೆರಳೂರಲು ಮಣಿಕಟ್ಟು ಕಿರುಬೆರಳಿನ ಕಡೆಗೆ ತಿರುಚುತ್ತದೆ. ‘ಬಿ’ ಅಕ್ಷರದ ಕೀಲಿ ಹೊಕ್ಕುಳಿನ ನೇರಕ್ಕೆ ಬರಲಿ. ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲುಗಳನ್ನು ಮಡಚಿಬಿಡಿ. ಅವು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುತ್ತವೆ, ಟೈಪಿಂಗಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಅಂಕಿ ತುಂಬುವ ಕೆಲಸದವರಿಗೆ ಒಂದು ಮಾತು: ಮೌಸನ್ನು ಎಡಗೈಗೆ ಬದಲಾಯಿಸಿ. ಬಲಗೈ ಅಂಕಿಗಳ ಮೇಲೆ, ಎಡಗೈ ಮೌಸಿನ ಮೇಲೆ ಇದ್ದರೆ ಓಡಾಟವೇ ಉಳಿಯುತ್ತದೆ. ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ ಮುಖ್ಯ ಗುಂಡಿಯನ್ನು ಬಲದ್ದಕ್ಕೆ ಮಾಡಿಕೊಳ್ಳಿ. ಮೊದಲ ಕೆಲವು ದಿನ ಕೆಲಸ ನಿಧಾನವಾಗುತ್ತದೆ, ಆದ್ದರಿಂದ ತಿಂಗಳ ಕೊನೆಯ ಒತ್ತಡದಲ್ಲಿ ಶುರುಮಾಡಬೇಡಿ.

ಪ್ರಶ್ನೆ: ರಾತ್ರಿ ಮಲಗಿದಾಗ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ. ಕುರ್ಚಿ ಮೇಜು ಸರಿಮಾಡಿದರೆ ಸಾಕೇ? (ಓದುಗರು, ಮೈಸೂರು)

ಉತ್ತರ: ಸಾಲದು, ವೈದ್ಯರನ್ನು ಕಾಣಿ. ಹೋಗುವ ಮುನ್ನ ಯಾವ ಬೆರಳು ಜೋಮು ಹಿಡಿಯುತ್ತದೆ ಎಂದು ಗಮನಿಸಿ ಬರೆದಿಟ್ಟುಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಎಂದಾದರೆ ಕಾರ್ಪಲ್ ಟನಲ್ ತೊಂದರೆಯ ಶಂಕೆ. ಕಿರುಬೆರಳೂ ಅದರ ಪಕ್ಕದ ಅರ್ಧವೂ ಆದರೆ ಒತ್ತಡ ಬೇರೊಂದು ನರದ ಮೇಲೆ, ಹೆಚ್ಚಾಗಿ ಮೊಣಕೈಯಲ್ಲಿ; ಮೊಣಕೈ ಪೂರ್ತಿ ಮಡಿಸಿ ಮಲಗುವವರಲ್ಲಿ, ಕುರ್ಚಿಯ ಗಟ್ಟಿ ಕೈಗೆ ಮೊಣಕೈ ಊರುವವರಲ್ಲಿ ಇದು ಕಾಣಿಸುತ್ತದೆ. ಜೋಮಿಲ್ಲದೆ ಹೆಬ್ಬೆರಳ ಬುಡದಲ್ಲಷ್ಟೇ ನೋವಿದ್ದರೆ ಅದು ಹೆಬ್ಬೆರಳಿನ ಸ್ನಾಯುರಜ್ಜಿನ ಉರಿಯೂತವಿರಬಹುದು, ಮೊಬೈಲ್ ಹಿಡಿದು ಹೆಬ್ಬೆರಳಲ್ಲೇ ಟೈಪ್ ಮಾಡುವುದು ಅದನ್ನು ಹೆಚ್ಚಿಸುತ್ತದೆ.

ಕಾರ್ಪಲ್ ಟನಲ್ ತೊಂದರೆಗೆ ಕಂಪ್ಯೂಟರೊಂದನ್ನೇ ದೂರುವುದು ಸರಿಯಲ್ಲ. ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆಯಲ್ಲೂ ಬರುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹಾಗಾಗಿ ರಕ್ತದ ಸಕ್ಕರೆ, ಥೈರಾಯ್ಡ್ ಪರೀಕ್ಷೆಯನ್ನೂ ವೈದ್ಯರು ಹೇಳಬಹುದು. ಖಚಿತಪಡಿಸಲು ನರಗಳ ವಹನ ಪರೀಕ್ಷೆ ಇದೆ. ಶುರುವಿನ ಹಂತದಲ್ಲಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟನ್ನು ರಾತ್ರಿ ಮಾತ್ರ ಹಾಕಿ ಮಲಗುವುದರಿಂದ ಹಲವರಿಗೆ ಆರಾಮ ಸಿಗುತ್ತದೆ. ಬಟ್ಟೆಯ ಗುಂಡಿ ಹಾಕಲು ಕಷ್ಟವಾಗುವುದು, ಲೋಟ ಕೈಜಾರುವುದು, ಹೆಬ್ಬೆರಳ ಬುಡದ ಮಾಂಸಖಂಡ ಸೊರಗುವುದು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ನರಕ್ಕಾದ ಹಾನಿ ತಡಮಾಡಿದಷ್ಟೂ ಪೂರ್ತಿ ವಾಸಿಯಾಗುವುದು ಕಷ್ಟ.

ಪ್ರಶ್ನೆ: ಡಿಟಿಪಿ ಮಾಡುತ್ತೇನೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಹೆಚ್ಚಿದ್ದ ದಿನ ಎಡ ಕಿರುಬೆರಳು ಸೆಳೆಯುತ್ತದೆ, ಇಂಗ್ಲಿಷ್ ಕೆಲಸದಲ್ಲಿ ಹಾಗಾಗುವುದಿಲ್ಲ. (ಓದುಗರು, ಹುಬ್ಬಳ್ಳಿ)

ಉತ್ತರ: ನೀವು ಕಂಡುಕೊಂಡದ್ದು ಸರಿ, ಕಾರಣ ಶಿಫ್ಟ್ ಕೀಲಿ. ಇಂಗ್ಲಿಷಿನಲ್ಲಿ ವಾಕ್ಯಕ್ಕೆ ಒಂದೆರಡು ಸಲ ಬರುವ ಶಿಫ್ಟ್, ನುಡಿಯ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ದೀರ್ಘಕ್ಕೆ, ಮಹಾಪ್ರಾಣಕ್ಕೆ, ಣ, ಳ, ಶ ಅಕ್ಷರಗಳಿಗೆಲ್ಲ ಬೇಕು. ‘ಶಾಲೆಗಳಿಗೆ’ ಎಂಬ ಒಂದೇ ಪದಕ್ಕೆ ಮೂರು ಸಲ. ಹೆಚ್ಚಿನವರು ಎಲ್ಲಕ್ಕೂ ಎಡ ಶಿಫ್ಟನ್ನೇ ಒತ್ತುತ್ತಾರೆ. ದೀರ್ಘದ ‘ಎ’ (A) ಕೀಲಿಯೂ ಎಡಗಡೆಯೇ ಇರುವುದರಿಂದ ಒಂದೇ ಕೈ ಎರಡನ್ನೂ ಹಿಡಿಯಲು ತಿರುಚಬೇಕಾಗುತ್ತದೆ. ಅಕ್ಷರ ಎಡಗೈಯದಾದರೆ ಶಿಫ್ಟ್ ಬಲಗೈಯದು, ಅಕ್ಷರ ಬಲಗೈಯದಾದರೆ ಶಿಫ್ಟ್ ಎಡಗೈಯದು: ಈ ಕ್ರಮ ರೂಢಿಯಾಗುವ ತನಕ ಬೇಕೆಂದೇ ನಿಧಾನವಾಗಿ ಹೊಡೆಯಿರಿ.

ಅದಕ್ಕೂ ಬಗ್ಗದಿದ್ದರೆ ವಿಂಡೋಸ್‌ನ ಸ್ಟಿಕಿ ಕೀಸ್ ಸೌಲಭ್ಯ ಬಳಸಿ. ಶಿಫ್ಟನ್ನು ಐದು ಸಲ ಒತ್ತಿದರೆ ಅದು ಬೇಕೇ ಎಂದು ಕೇಳುತ್ತದೆ. ಆಮೇಲೆ ಶಿಫ್ಟ್ ಒತ್ತಿ ಬಿಟ್ಟು, ನಂತರ ಅಕ್ಷರ ಒತ್ತಿದರೂ ನಡೆಯುತ್ತದೆ, ಒಟ್ಟಿಗೆ ಹಿಡಿಯಬೇಕಿಲ್ಲ. ಬಹಳ ಜನ ಇಲ್ಲೇ ಎಡವುವುದು: ಎರಡು ಕೀಲಿ ಒಟ್ಟಿಗೆ ಒತ್ತಿದರೆ ಸೌಲಭ್ಯ ಆರಿಹೋಗಲಿ ಎಂಬ ಆಯ್ಕೆ ಅದರ ಸೆಟ್ಟಿಂಗಿನಲ್ಲಿ ಮೊದಲೇ ಚಾಲ್ತಿಯಲ್ಲಿರುತ್ತದೆ. ಹಳೆಯ ಅಭ್ಯಾಸದಲ್ಲಿ ಒಮ್ಮೆ ಒಟ್ಟಿಗೆ ಒತ್ತಿದರೂ ಆರುತ್ತದೆ. ಆ ಆಯ್ಕೆಯನ್ನು ತೆಗೆದುಹಾಕಿ. ನಿಮ್ಮಲ್ಲಿರುವ ನುಡಿ ಆವೃತ್ತಿಯಲ್ಲಿ ಒಂದು ಪುಟ ಹೊಡೆದು ನೋಡಿ, ಆಮೇಲೆ ನಂಬಿ.

ಕೀಬೋರ್ಡನ್ನೂ ಪರೀಕ್ಷಿಸಿ. ಶಿಫ್ಟ್ ಕೀಲಿಯ ಒಂದು ತುದಿಗೆ ಒತ್ತಿದಾಗ ಸಿಕ್ಕಿಕೊಂಡರೆ ಆ ಕೀಬೋರ್ಡಿನ ಆಯುಸ್ಸು ಮುಗಿದಿದೆ. ದಿನವಿಡೀ ಟೈಪ್ ಮಾಡುವವರು ಸುಮಾರು 45 ಗ್ರಾಂ ಒತ್ತಡಕ್ಕೆ ಸ್ಪಂದಿಸುವ ಕೆಂಪು ಸ್ವಿಚ್ಚಿನ ಮೆಕ್ಯಾನಿಕಲ್ ಕೀಬೋರ್ಡ್ ನೋಡಬಹುದು. ಅವು ಹೆಚ್ಚು ಎತ್ತರ ಇರುವುದರಿಂದ ಮೇಜಿನ ಅಳತೆ ಮತ್ತೆ ಹಾಕಬೇಕು. ಮೊದಲ ಕರಡು ಬರೆಯುವುದಿದ್ದರೆ ಗೂಗಲ್ ಡಾಕ್ಸ್ ಕನ್ನಡದ ಮಾತನ್ನು ಕೇಳಿ ಬರೆದುಕೊಳ್ಳುತ್ತದೆ, ತಿದ್ದುವುದಷ್ಟೇ ಕೈಗೆ ಉಳಿಯುತ್ತದೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ಮೇಜಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಲ್ಯಾಪ್‌ಟಾಪ್ ಬಳಸಬಹುದೇ? (ವಿದ್ಯಾರ್ಥಿ, ಧಾರವಾಡ)

ಉತ್ತರ: ಬಳಸಬಹುದು, ತೊಡೆಯ ಮೇಲೆ ಮಾತ್ರ ಬೇಡ. ಕೂತಾಗ ಮೊಣಕೈ ಆಸನದಿಂದ 20–24 ಸೆಂ.ಮೀ. ಮೇಲಿರುತ್ತದೆ. ಅಂಗಡಿಯಲ್ಲಿ ಸಿಗುವ ಮಡಚುವ ಡೆಸ್ಕುಗಳು ಅದಕ್ಕಿಂತ ಎತ್ತರ, ಆದ್ದರಿಂದ ಗಟ್ಟಿ ದಿಂಬಿನ ಮೇಲೆ 5–7 ಸೆಂ.ಮೀ. ಏರಿ ಕೂರಿ. ಬೆನ್ನು ಗೋಡೆಗೆ ಒರಗಿರಲಿ, ಅರ್ಧ ಗಂಟೆಗೊಮ್ಮೆ ಎದ್ದುಬಿಡಿ.

ಪ್ರಶ್ನೆ: ಲಂಬವಾಗಿ ನಿಲ್ಲುವ ವರ್ಟಿಕಲ್ ಮೌಸ್ ಕೊಂಡರೆ ನೋವು ಹೋಗುತ್ತದೆಯೇ? (ಓದುಗರು, ಶಿವಮೊಗ್ಗ)

ಉತ್ತರ: ಅದು ಮುಂಗೈಯ ತಿರುಚನ್ನು ಕಡಿಮೆ ಮಾಡುತ್ತದೆ, ಮೊಣಕೈ ಬಳಿ ಸೆಳೆತವಿರುವವರಿಗೆ ಹಿತ. ಆದರೆ ಮೌಸ್ ದೂರದಲ್ಲಿದ್ದರೆ, ಮೇಜು ಎತ್ತರವಿದ್ದರೆ ಆಕಾರ ಬದಲಿಸಿದ್ದರಿಂದ ಪ್ರಯೋಜನ ಸ್ವಲ್ಪವೇ. ಕೊಳ್ಳುವುದಾದರೆ ಗಾತ್ರ ನೋಡಿ: ಕೈ ಚಿಕ್ಕದಿದ್ದು ಮೌಸ್ ದೊಡ್ಡದಾದರೆ ಗುಂಡಿ ತಲುಪಲು ಬೆರಳು ಚಾಚಬೇಕು, ಕ್ಲಿಕ್ ಮಾಡಿದಾಗಲೆಲ್ಲ ಮೌಸ್ ಪಕ್ಕಕ್ಕೆ ಸರಿಯುತ್ತದೆ, ಅದನ್ನು ತಡೆಯಲು ಹೆಬ್ಬೆರಳು ಬಿಗಿ ಹಿಡಿಯುತ್ತದೆ. ಹಣ ಹಾಕುವ ಮೊದಲು ಈಗಿರುವ ಮೌಸಿನಲ್ಲೇ ಪಾಯಿಂಟರ್ ವೇಗವನ್ನು ಒಂದೆರಡು ಹಂತ ಹೆಚ್ಚಿಸಿ. ಮಣಿಕಟ್ಟನ್ನು ಊರಿ ಅತ್ತಿತ್ತ ಆಡಿಸುವ ಬದಲು ಮೊಣಕೈಯಿಂದ ಇಡೀ ಮುಂಗೈ ಸರಿಸಿ. ಓದುವಾಗ, ಯೋಚಿಸುವಾಗ ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲಿಡಿ. ಎರಡು ವಾರ ಹೀಗೆ ನಡೆಸಿದ ಮೇಲೂ ಮೊಣಕೈ ಸೆಳೆತ ಉಳಿದರೆ ಆಗ ಕೊಳ್ಳಿ, ಅಂಗಡಿಯಲ್ಲಿ ಕೈಗೆ ಹಿಡಿದು ನೋಡಿಯೇ ತನ್ನಿ.