ಸೊನ್ನೆ ಆದಾಯದ ಸಾಲುಗಳನ್ನು ಮೊದಲು ಎಣಿಸಿ

ಪ್ರಶ್ನೆ: ಎಂ.ಎ. ಪ್ರಬಂಧಕ್ಕಾಗಿ ನಮ್ಮ ತಾಲ್ಲೂಕಿನ 240 ಜನರ ಲಿಂಗ, ಶಿಕ್ಷಣದ ಮಟ್ಟ (ಐದು ಹಂತ), ತಿಂಗಳ ಆದಾಯ ಕೇಳಿ ಬರೆದುಕೊಂಡಿದ್ದೇನೆ. ಒಬ್ಬರು ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿ ಹೋಲಿಸುವುದು) ಸಾಕು ಅಂತಾರೆ, ಇನ್ನೊಬ್ಬರು ಕೈ-ಸ್ಕ್ವೇರ್ (ವರ್ಗಗಳಲ್ಲಿನ ಎಣಿಕೆ ಹೋಲಿಸುವುದು), ಮತ್ತೊಬ್ಬರು ರಿಗ್ರೆಶನ್ (ಹಲವು ಅಂಶಗಳ ಪ್ರಭಾವವನ್ನು ಒಟ್ಟಿಗೆ ಅಳೆಯುವುದು). ಯಾವುದನ್ನು ಹಿಡಿಯಲಿ?

ಉತ್ತರ: ಟೆಸ್ಟಿನ ಮಾತು ಆಮೇಲೆ. ಮೊದಲು ಶೀಟನ್ನು ಆದಾಯದ ಕಾಲಂ ಹಿಡಿದು ಸಾರ್ಟ್ ಮಾಡಿ. ಮೇಲೆ ಬಂದು ನಿಲ್ಲುವ ಸೊನ್ನೆಗಳಲ್ಲಿ ಹೆಂಗಸರೇ ಹೆಚ್ಚಿರುತ್ತಾರೆ. ನಾನು ನೋಡಿದ ಒಂದು ಸಮೀಕ್ಷೆಯಲ್ಲಿ ‘ಆದಾಯ ಇಲ್ಲ’ ಎಂದು ಬರೆಸಿದ್ದಾಕೆ ಎರಡು ಹೊತ್ತೂ ಹಸು ಕರೆದು ಡೈರಿಗೆ ಹಾಲು ಹಾಕುತ್ತಿದ್ದರು. ಪಾಸ್‌ಬುಕ್ ಮಾತ್ರ ಗಂಡನ ಹೆಸರಲ್ಲಿ. ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ದುಡಿಯುವ ಇಂಥವರನ್ನು ಕೇಂದ್ರ ಸರ್ಕಾರದ ಉದ್ಯೋಗ-ನಿರುದ್ಯೋಗ ಸಮೀಕ್ಷೆ ಪಿಎಲ್‌ಎಫ್‌ಎಸ್ ಉದ್ಯೋಗಸ್ಥರೆಂದೇ ಎಣಿಸಿ, 21 ಎಂಬ ಪ್ರತ್ಯೇಕ ಕೋಡ್ ಕೊಡುತ್ತದೆ. ನೀವೂ ಅವರಿಗೊಂದು ಕಾಲಂ ಮಾಡಿ.

ಕೈ-ಸ್ಕ್ವೇರ್ ಬೇಡ. ಅದಕ್ಕಾಗಿ ಆದಾಯವನ್ನು ಸ್ಲ್ಯಾಬ್ ಮಾಡಿದರೆ 9,900 ಮತ್ತು 10,100 ಬೇರೆ ಡಬ್ಬಿಗೆ ಬೀಳುತ್ತವೆ, 10,100 ಮತ್ತು 19,900 ಒಂದೇ ಡಬ್ಬಿಗೆ. ಕಷ್ಟಪಟ್ಟು ಕೇಳಿ ತಂದ ಮಾಹಿತಿಯನ್ನು ನಾವೇ ಎಸೆದಂತೆ. ಟಿ-ಟೆಸ್ಟಿನ ತೊಂದರೆ ಬೇರೆ: ಒಬ್ಬ ಗುತ್ತಿಗೆದಾರ ಎರಡು ಲಕ್ಷ ಅಂದರೆ ಗಂಡಸರ ಸರಾಸರಿಯೇ ಮೇಲೇಳುತ್ತದೆ. ಬರೀ ಹೋಲಿಕೆಗಾದರೆ ಮಧ್ಯಾಂಕ ಕೊಡಿ, ಮೊತ್ತದ ಬದಲು ಕ್ರಮಾಂಕ ಹೋಲಿಸುವ ಮ್ಯಾನ್-ವಿಟ್ನಿ ಟೆಸ್ಟ್ ಬಳಸಿ.

ಆದರೆ ನಿಮ್ಮ ನಿಜವಾದ ಪ್ರಶ್ನೆ ‘ಅಷ್ಟೇ ಓದಿದ ಹೆಣ್ಣಿಗೆ ಅಷ್ಟೇ ಹಣ ಸಿಗುತ್ತಿದೆಯೇ’ ಎಂಬುದಲ್ಲವೇ? ಅದಕ್ಕೆ ರಿಗ್ರೆಶನ್ನೇ ಬೇಕು: ಆದಾಯದ ಲಾಗ್ ಒಂದು ಕಡೆ, ಲಿಂಗ, ಶಿಕ್ಷಣ, (ಕೇಳಿದ್ದರೆ) ವಯಸ್ಸು ಇನ್ನೊಂದು ಕಡೆ. ಹೆಣ್ಣಿನ ಗುಣಾಂಕ −0.35 ಬಂದರೆ ಸುಮಾರು ಶೇ 30 ಕಡಿಮೆ ಎಂದರ್ಥ. ಲಾಗ್ ಬಿಡಿಸಿದರೆ ಅದು ಸುಮಾರು 0.70 ಪಟ್ಟು ಆಗುತ್ತದೆ, ಹಾಗಾಗಿ 35 ಎಂದು ಬರೆಯಬೇಡಿ.

ಸೊನ್ನೆಗೆ ಲಾಗ್ ಇಲ್ಲ. ಒಂದು ರೂಪಾಯಿ ಸೇರಿಸಿ ದಾಟಿಸುವ ಚಾಳಿಯಿದೆ. ಒಂದರ ಬದಲು ನೂರು ಸೇರಿಸಿ ನೋಡಿ, ಉತ್ತರವೇ ಬದಲಾದೀತು. ಹಾಗಾಗಿ ಎರಡು ಹೆಜ್ಜೆ ಇಡಿ. ಆದಾಯ ಇದೆಯೋ ಇಲ್ಲವೋ ಎಂಬುದಕ್ಕೆ ಎಲ್ಲ 240 ಜನರ ಮೇಲೆ ಲಾಜಿಸ್ಟಿಕ್ ರಿಗ್ರೆಶನ್ (ಹೌದು-ಇಲ್ಲ ಉತ್ತರಕ್ಕೆ ಬಳಸುವಂಥದ್ದು). ಆಮೇಲೆ ಆದಾಯ ಇರುವವರ ಮೇಲಷ್ಟೇ ಲಾಗ್ ರಿಗ್ರೆಶನ್, ಅದನ್ನು ಶೀರ್ಷಿಕೆಯಲ್ಲೇ ಹೇಳಿ. ಕೆಲಸಕ್ಕೆ ಹೋಗುವ ಹೆಂಗಸರು ಚೀಟಿ ಎತ್ತಿ ಆರಿಸಿದವರಲ್ಲ ಎಂಬ ಈ ತೊಡಕಿಗೆ 1979ರಲ್ಲಿ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ದಾರಿ ತೋರಿಸಿದರು, ಆದರೆ ಅದಕ್ಕೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ ಎಂಬಂಥ ಮಾಹಿತಿಯೂ ಬೇಕು. ಕೇಳಿರದಿದ್ದರೆ ಆ ತಂಟೆ ಬೇಡ.

ಓದಿನ ಲಾಭ ಗಂಡು-ಹೆಣ್ಣಿಗೆ ಬೇರೆಯೇ ಎಂದು ನೋಡಲು ರಿಗ್ರೆಶನ್ನಿಗೆ ಲಿಂಗ-ಶಿಕ್ಷಣಗಳ ಗುಣಲಬ್ಧ ಹಾಕುವ ಮುಂಚೆ, ಪ್ರತಿ ಹಂತದಲ್ಲಿ ಎಷ್ಟು ಗಂಡಸರು, ಎಷ್ಟು ಹೆಂಗಸರು ಎಂಬ ಕೋಷ್ಟಕ ಮಾಡಿ. ಸ್ನಾತಕೋತ್ತರ ಓದಿದ ಹೆಂಗಸರು ನಾಲ್ಕೇ ಜನ ಇದ್ದರೆ ಐದು ಹಂತಗಳನ್ನು ಮೂರಕ್ಕಿಳಿಸಿ.