ಒಂದೇ ಒಂದು ಸೈಕಲ್ ಸ್ಟೆರಾಯ್ಡ್ ತಗೊಂಡು ಬಿಟ್ಟರೆ ಮುಂದೆ ತೊಂದರೆ ಆಗುತ್ತಾ?

ನಿಮಗೆ 23 ವರ್ಷ, ಮೂರು ವರ್ಷದಿಂದ ಜಿಮ್, ಸ್ಪರ್ಧೆಯ ಆಸೆ ಇಲ್ಲ, ಸುಮ್ನೆ ಮೈಕಟ್ಟು ಚೆನ್ನಾಗಿ ಕಾಣಬೇಕು, ಅದಕ್ಕೆ ಒಂದೇ ಸೈಕಲ್ (ಕೆಲವು ವಾರ ಸ್ಟೆರಾಯ್ಡ್ ತಗೊಂಡು ನಿಲ್ಲಿಸುವ ಒಂದು ಸುತ್ತು) ಮಾಡಿ ನಿಲ್ಲಿಸುತ್ತೇನೆ ಅಂತ ಬರೆದಿದ್ದೀರಿ. ನಾನೂ ಹಾಗೆ ಅಂದುಕೊಂಡೇ ಶುರು ಮಾಡಿದ್ದು. ನಾಲ್ಕು ವರ್ಷ ಎಳೆಯಿತು. ನಾನು ಡಾಕ್ಟರ್ ಅಲ್ಲ. ತಗೊಂಡು ಬಿಟ್ಟವನು, ಅಷ್ಟೇ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಸ್ಟೆರಾಯ್ಡ್ ಕೆಲಸ ಮಾಡುತ್ತದೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡಸರಿಗೆ ವಾರಕ್ಕೆ 600 ಮಿಲಿಗ್ರಾಂನಂತೆ 10 ವಾರ ಟೆಸ್ಟೋಸ್ಟೆರಾನ್ (ಗಂಡಸಿನ ಹಾರ್ಮೋನ್, ಜಿಮ್ಮಿನ ಸ್ಟೆರಾಯ್ಡ್‌ಗಳ ಮೂಲ ಇದೇ) ಕೊಟ್ಟರು. ಇಂಜೆಕ್ಷನ್ ತಗೊಂಡು ವ್ಯಾಯಾಮವನ್ನೇ ಮಾಡದವರಿಗೂ ಸುಮಾರು 3 ಕೆಜಿ ಕೊಬ್ಬಿಲ್ಲದ ತೂಕ ಬಂತು. ಔಷಧಿ ಇಲ್ಲದೆ ಬೆವರು ಸುರಿಸಿದವರಿಗೆ ಸಿಕ್ಕಿದ್ದು 2 ಕೆಜಿ. ಹೊಟ್ಟೆ ಉರಿಯುತ್ತೆ ಅಲ್ವಾ? ‘ಅದರಿಂದ ಏನೂ ಆಗಲ್ಲ, ಬರೀ ನೀರು’ ಅಂತ ಹೆದರಿಸುವವರ ಮಾತಿಗೆ ಬೆಲೆ ಇಲ್ಲದಿರುವುದು ಇದಕ್ಕೇ.

ತೊಂದರೆ ಇರುವುದು ಬಿಡುವಾಗ. ಗಂಡಸಿನ ದೇಹ ತಾನಾಗಿ ಮಾಡುವ ಟೆಸ್ಟೋಸ್ಟೆರಾನ್ ದಿನಕ್ಕೆ ಹೆಚ್ಚೆಂದರೆ 10 ಮಿಲಿಗ್ರಾಂ. ಅದರ ಹಲವು ಪಟ್ಟು ಹೊರಗಿನಿಂದ ಬಂದು ಬಿದ್ದಾಗ ಮೆದುಳು ‘ಬೇಕಾದಷ್ಟಿದೆ’ ಅಂದುಕೊಳ್ಳುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳು ನಿಲ್ಲುತ್ತವೆ. ಬೀಜಗಳಿಗೆ (ವೃಷಣಗಳಿಗೆ) ಕೆಲಸ ಹೇಳುವುದು ಅವೇ, ಹಾಗಾಗಿ ಬೀಜಗಳಿಗೆ ಕೆಲಸ ಇಲ್ಲದಂತಾಗುತ್ತದೆ. ಬೀಜಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಔಷಧಿ ನಿಲ್ಲಿಸಿದ ದಿನವೇ ಆ ಕೆಲಸ ಮತ್ತೆ ಶುರುವಾಗುವುದಿಲ್ಲ. ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷದ ಮೇಲೆ. ಪೂರ್ತಿ ಸರಿಹೋಗದವರೂ ಇದ್ದಾರೆ.

ನಾನು ಬಿಟ್ಟ ಐದನೇ ತಿಂಗಳು ಹಾರ್ಮೋನ್ ಡಾಕ್ಟರ ಹತ್ತಿರ ಹೋದೆ. ಅವರು ಮೇಜಿನ ಡ್ರಾಯರಿನಿಂದ ಬೀಜದ ಗಾತ್ರ ಅಳೆಯುವ ಒಂದು ಸರ ತೆಗೆದರು. ದಾರಕ್ಕೆ ಪೋಣಿಸಿದ ಮೊಟ್ಟೆಯಾಕಾರದ ಮಣಿಗಳು, 1 ಮಿಲಿಲೀಟರಿನಿಂದ 25ರವರೆಗೆ, ಒಂದೊಂದರ ಮೇಲೂ ನಂಬರು. ಒಂದು ಕೈಯಲ್ಲಿ ನನ್ನದನ್ನು ಮುಟ್ಟಿ ನೋಡುತ್ತಾ ಇನ್ನೊಂದು ಕೈಯಲ್ಲಿ ಮಣಿಗಳನ್ನು ಸರಿಸುತ್ತಾ ಹೋದರು. 15, 12, 10. ನಿಂತಿದ್ದು 8ರಲ್ಲಿ. ಅದು ಹುಡುಗ ದೊಡ್ಡವನಾಗುತ್ತಿರುವಾಗ ಇರಬೇಕಾದ ಅಳತೆ. ಎದೆ, ತೋಳು ನೋಡಿದರೆ ಮಾತ್ರ ಎತ್ತಿನ ಹಾಗಿದ್ದೆ.

ಆ ತಿಂಗಳುಗಳನ್ನು ಹೇಗೆ ಹೇಳುವುದು? ರಾತ್ರಿ ಎಂಟಕ್ಕೇ ಮಲಗುತ್ತಿದ್ದೆ, ಬೆಳಿಗ್ಗೆ ಏಳಲು ಮನಸ್ಸಿಲ್ಲ. ಹೆಂಡತಿಯ ಮೇಲೆ ಪ್ರೀತಿ ಇತ್ತು, ಬೇಕು ಅನ್ನುವುದು ಮಾತ್ರ ಇರಲಿಲ್ಲ. ಟಿವಿಯಲ್ಲಿ ಏನೋ ಜಾಹೀರಾತು ನೋಡಿ ಅತ್ತಿದ್ದೇನೆ. ಕನ್ನಡಿಯಲ್ಲಿ ವಾರ ವಾರಕ್ಕೂ ಮೈ ಇಳಿಯುತ್ತಿತ್ತು. ಒಂದು ಸೂಜಿ ಚುಚ್ಚಿಕೊಂಡರೆ ಹದಿನೈದು ದಿನದಲ್ಲಿ ಎಲ್ಲ ವಾಪಸ್ ಬರುತ್ತದೆ ಅಂತ ಗೊತ್ತಿತ್ತು. ‘ಒಂದೇ ಸೈಕಲ್’ ಅನ್ನುವುದು ಮುರಿಯುವುದು ಇಲ್ಲಿ. ನಾನು ಎರಡು ಸಲ ಬಿಟ್ಟು ಎರಡು ಸಲ ವಾಪಸ್ ಹೋದೆ. ಸೈಕಲ್ ಮುಗಿದ ಮೇಲೆ ಜಿಮ್ಮಿನವರು ಕೊಡುವ ಪಿಸಿಟಿ (ದೇಹದ ಸ್ವಂತ ಹಾರ್ಮೋನ್ ಮತ್ತೆ ಶುರುವಾಗಲಿ ಅಂತ ತಗೊಳ್ಳುವ) ಮಾತ್ರೆಗಳನ್ನೂ ನುಂಗಿದ್ದೆ, ಎರಡು ಸಲವೂ.

ಗೈನೋ, ಅಂದರೆ ಗಂಡಸಿಗೆ ಮೊಲೆ ಬೆಳೆಯುವುದರ ಬಗ್ಗೆ ಕೇಳಿದ್ದೀರಿ. ಹೆಚ್ಚಾದ ಟೆಸ್ಟೋಸ್ಟೆರಾನ್‌ನಲ್ಲಿ ಒಂದು ಪಾಲನ್ನು ದೇಹ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್) ಮಾಡಿಬಿಡುತ್ತದೆ. ಮೊದಲು ಬನಿಯನ್ ತಾಗಿದರೂ ಮೊಲೆತೊಟ್ಟು ಉರಿಯುತ್ತಿತ್ತು, ಆಮೇಲೆ ಅದರ ಹಿಂದೆ ಗೋಲಿಯಷ್ಟು ಗಟ್ಟಿ ಗಂಟು. ಬೇಗ ನೋಡಿಕೊಂಡರೆ ಔಷಧಿಯಿಂದ ಕಮ್ಮಿಯಾಗಬಹುದು. ಬಹಳ ದಿನ ಬಿಟ್ಟರೆ ಅದು ನಾರುಗಟ್ಟುತ್ತದೆ, ಆಪರೇಷನ್ನೇ ಗತಿ. ನನಗೆ ಆಗಿದ್ದು ಅದೇ.

ಹೃದಯದ್ದು ಬೇರೆ ಕಥೆ, ಅದು ನೋಯುವುದೇ ಇಲ್ಲ. ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಕೆಟ್ಟದ್ದು ಏರುತ್ತದೆ, ಕೆಂಪು ರಕ್ತಕಣ ಜಾಸ್ತಿಯಾಗಿ ರಕ್ತ ಮಂದವಾಗುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. 2017ರಲ್ಲಿ ತೂಕ ಎತ್ತುವ 140 ಗಂಡಸರ ಹೃದಯ ಪರೀಕ್ಷಿಸಿದರು. ಪ್ರತಿ ಬಡಿತಕ್ಕೆ ಎಡಭಾಗದ ಕೋಣೆಯಲ್ಲಿರುವ ರಕ್ತದಲ್ಲಿ ಹೊರಹೋಗುವ ಪಾಲು, ಸ್ಟೆರಾಯ್ಡ್ ಮುಟ್ಟದವರಲ್ಲಿ ಸರಾಸರಿ ಶೇ. 63, ವರ್ಷಗಟ್ಟಲೆ ತಗೊಂಡವರಲ್ಲಿ ಶೇ. 52. ಡೆನ್ಮಾರ್ಕ್‌ನಲ್ಲಿ ಜಿಮ್‌ಗಳಲ್ಲೂ ಡೋಪಿಂಗ್ ಪರೀಕ್ಷೆ ಇದೆ. ಅಲ್ಲಿ ಸಿಕ್ಕಿಬಿದ್ದ 1,189 ಗಂಡಸರನ್ನು ಸರಾಸರಿ 11 ವರ್ಷ ಗಮನಿಸಿದ ಅಧ್ಯಯನ 2024ರಲ್ಲಿ ಬಂತು. ಅದೇ ವಯಸ್ಸಿನ ಬೇರೆ ಗಂಡಸರಿಗಿಂತ ಅವರಲ್ಲಿ ಸಾವಿನ ಪ್ರಮಾಣ ಸುಮಾರು 2.8 ಪಟ್ಟು ಇತ್ತು. ಹೆಚ್ಚಿನವರು ಬದುಕಿದ್ದಾರೆ, ನಿಜ. ನಿಮ್ಮ ಜಿಮ್ಮಿನ ‘ಅಣ್ಣ’ ಹತ್ತು ವರ್ಷದಿಂದ ಗಟ್ಟಿಯಾಗಿರುವುದೂ ಇದೇ ಲೆಕ್ಕದಲ್ಲಿ. ಅವನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಒಮ್ಮೆ ಕೇಳಿ ನೋಡಿ, ಮಾಡಿಸಿಯೇ ಇರುವುದಿಲ್ಲ.

‘ಮಾತ್ರೆ ಆದರೆ ಸೂಜಿಯ ರಗಳೆ ಇಲ್ಲ’ ಅಂದಿದ್ದೀರಿ. ಸ್ಟಾನೊಜೊಲಾಲ್, ಡಯನಾಬಾಲ್‌ನಂಥ ಮಾತ್ರೆಗಳನ್ನು ಲಿವರ್ ಬೇಗ ಒಡೆಯದ ಹಾಗೆ ಬದಲಿಸಿ ಮಾಡಿರುತ್ತಾರೆ. ಅದರ ಭಾರ ಬೀಳುವುದು ಲಿವರ್ ಮೇಲೆಯೇ. ಇನ್ನು ಟ್ರೆನ್ (ಟ್ರೆನ್ಬೊಲೋನ್) ಅಂತ ಯಾರಾದರೂ ಹೆಸರೆತ್ತಿದರೆ, ಅದು ದನಗಳಿಗೆ ಮಾಂಸ ಬರಿಸಲು ಬಳಸುವ ಔಷಧಿ. ಮನುಷ್ಯರಿಗೆ ಅಂತ ಅದಕ್ಕೆ ಈಗ ಒಪ್ಪಿಗೆ ಇಲ್ಲ.

ನನ್ನ ಉತ್ತರ ಬೇಡ ಅಂತಲೇ. ಆದರೂ ಕೇಳುವ ಮನಸ್ಸಿಲ್ಲದಿದ್ದರೆ, ಈಗಲೇ, ಏನೂ ಮುಟ್ಟುವ ಮೊದಲೇ, ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್, ಕೊಲೆಸ್ಟ್ರಾಲ್, ರಕ್ತಕಣದ ಪರೀಕ್ಷೆ ಮಾಡಿಸಿ ಆ ಕಾಗದ ಇಟ್ಟುಕೊಳ್ಳಿ. ಡಾಕ್ಟರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ‘ಮುಂಚೆ ಎಷ್ಟಿತ್ತು?’ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಬಿಟ್ಟು ಮೂರು ವರ್ಷ, ನನ್ನ ಟೆಸ್ಟೋಸ್ಟೆರಾನ್ ನಂಬರು ಮಾಮೂಲಿ ಮಟ್ಟದ ಕೆಳಗಿನ ಅಂಚಿನಲ್ಲಿದೆ. ನಾನು ಹುಟ್ಟಾ ಹೀಗೆಯೋ, ಹೀಗೆ ಮಾಡಿಕೊಂಡೆನೋ, ಅವರಿಗೂ ಹೇಳಲಾಗಲಿಲ್ಲ.